ತೊಂಬತ್ತು ದಿನದ ಕೋರ್ಸು

ಅವತ್ತು ಬೆಳಿಗ್ಗೆ ಹಾಲು ತರಲು ಹೋದ ನಮ್ಮ ಯಜಮಾನರು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು.

"ಎಡಗಾಲಿನ ಚಪ್ಪಲಿ ಎಲ್ರೀ?" ಎಂದೆ. ಬಗ್ಗಿ ನೋಡಿಕೊಂಡರು. ದಾರಿಯಲ್ಲೆಲ್ಲೋ ಕಳಚಿ ಬಿದ್ದಿದೆ, ಅವರಿಗೆ ಗೊತ್ತೇ ಆಗಿಲ್ಲ.

ಇಬ್ಬರೂ ನಕ್ಕೆವು.

ಹದಿನೈದು ವರ್ಷದಿಂದ ಶುಗರ್ ಇತ್ತು. ಮಾತ್ರೆ ನುಂಗಿದರೆ ಮುಗಿಯಿತು ಎಂದುಕೊಂಡಿದ್ದೆವು. ಪಾದ ಜೋಮು ಹಿಡಿಯುತ್ತದೆ ಎಂದಾಗ ನಾನು ಎಣ್ಣೆ ತಿಕ್ಕಿದೆ. ಅವರು ಟಿವಿ ಜಾಹೀರಾತು ನೋಡಿ ಒಂದು ಯಂತ್ರ ತರಿಸಿದರು. ಪಾದ ಇಟ್ಟರೆ ಬಿಸಿಯಾಗಿ ಗುರ್ರೆಂದು ನಡುಗುತ್ತಿತ್ತು. ಡಬ್ಬದ ಮೇಲೆ ದಪ್ಪ ಅಕ್ಷರ: 'ಗುಣವಾಗದಿದ್ದರೆ ಪೂರ್ತಿ ಹಣ ವಾಪಸ್.'

"ಇಷ್ಟು ಧೈರ್ಯವಾಗಿ ಬರದಾರಂದ್ರ ಸುಳ್ಳಿರಲ್ಲ ಬಿಡು" ಎಂದರು.

ಅವರು ಹಾಗೆ ನಂಬಿದ್ದಕ್ಕೆ ಕಾರಣವಿತ್ತು. ಶಾಮನೂರು ಕಡೆಯ ಈ ಹೊಸ ಬಡಾವಣೆಗೆ ಬರುವ ಮುಂಚೆ ಮೂವತ್ತು ವರ್ಷ ಹರಿಹರದಲ್ಲಿ ನಮ್ಮ ಸೀರೆ ಅಂಗಡಿ ಇತ್ತು. ಭಾನುವಳ್ಳಿ, ನಂದಿಗುಡಿ ಕಡೆಯ ಹೆಂಗಸರು ಬಸ್ಸಿಳಿದು ನೇರ ನಮ್ಮಲ್ಲಿಗೇ ಬರುತ್ತಿದ್ದರು. ಮದುವೆಯ ದಿನಗಳಲ್ಲಿ ನಾನೂ ಬುತ್ತಿ ಕಟ್ಟಿಕೊಂಡು ಹೋಗಿ, ಗಾದಿಯ ಮೇಲೆ ಕೂತು ಸೀರೆ ಮಡಿಸುತ್ತಿದ್ದೆ. ಹೊಸ ಬಟ್ಟೆಯ ಆ ಗಂಜಿ ವಾಸನೆ, ಬಳೆಗಳ ಸದ್ದು, ಇವರ ನಗು. "ಮನಿಗೆ ಒಯ್ಯಿರಿ, ನಿಮ್ಮ ಅತ್ತಿಯವರಿಗೆ ತೋರಸ್ರಿ, ಮನಸಿಗೆ ಬರಲಿಲ್ಲಂದ್ರ ವಾಪಸ್ ತರ್ರಿ" ಎನ್ನುತ್ತಿದ್ದರು. ಒಮ್ಮೆ ಒಬ್ಬಾಕೆ ಉಟ್ಟು ಒಗೆದ ಸೀರೆ ತಂದು, ಬಣ್ಣ ಬಿಟ್ಟಿದೆ ಎಂದಳು. ಇವರು ಮರುಮಾತಾಡದೆ ಬೇರೆ ಸೀರೆ ಕೊಟ್ಟು, ಚಹಾ ಕುಡಿಸಿ ಕಳಿಸಿದರು. ನಾನು ಸಿಡುಕಿದ್ದೆ. ಹಾಗೆ ಬದುಕಿದವರಿಗೆ, ವಾಪಸ್ ಎಂಬ ಮಾತಿಗೆ ಬೇರೆ ಅರ್ಥವೂ ಇದ್ದೀತೆಂದು ಹೊಳೆಯುವುದಾದರೂ ಹೇಗೆ?

ಇಪ್ಪತ್ತು ದಿನವಾದರೂ ಜೋಮು ಹೋಗಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವರು ಮೊದಲು ಕಂಪನಿಗೆ ಫೋನ್ ಮಾಡಿದರು. ಹುಡುಗಿಯೊಬ್ಬಳ ನಯವಾದ ದನಿ: "ಇದು ತೊಂಬತ್ತು ದಿನದ ಕೋರ್ಸ್ ಸರ್. ಮಧ್ಯ ನಿಲ್ಲಿಸಿದ್ರೆ, ಬೇರೆ ಟ್ರೀಟ್‌ಮೆಂಟ್ ತಗೊಂಡ್ರೆ ಗ್ಯಾರಂಟಿ ಕ್ಯಾನ್ಸಲ್ ಆಗುತ್ತೆ."

"ಮಾತು ಕೊಟ್ಟಾರ. ಪೂರ್ತಿ ಮಾಡೇ ನೋಡೋಣು" ಎಂದರು.

ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನಾನು ಆಗಷ್ಟೇ ಒರೆಸಿದ ನೆಲದ ಮೇಲೆ ಅವರ ಹೆಜ್ಜೆ ಮೂಡಿತ್ತು.

ಕೆಂಪಗೆ.

ಯಂತ್ರದ ಶಾಖಕ್ಕೆ ಬೆರಳ ಬುಡದಲ್ಲಿ ಗುಳ್ಳೆಯೆದ್ದು ಒಡೆದಿತ್ತು. ಕೀವು ತುಂಬಿತ್ತು. ಅವರಿಗೆ ನೋವೇ ಇರಲಿಲ್ಲ. ನೋವಿಲ್ಲದಿರುವುದು ಎಷ್ಟು ಭಯಂಕರ ಎಂದು ನನಗೆ ಅಂದು ತಿಳಿಯಿತು.

"ಸ್ಪರ್ಶ ಹೋದಾಗ್ಲೇ ಯಾಕೆ ಬರ್ಲಿಲ್ಲಮ್ಮಾ?" ಎಂದು ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು. ಗ್ಯಾರಂಟಿಯ ಕಥೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಇನ್‌ಫೆಕ್ಷನ್ ಮೂಳೆಗೆ ಇಳಿದಿದೆ. ಎರಡು ಬೆರಳು ತೆಗೀಬೇಕು."

ಆಪರೇಷನ್ ಆದ ಮರುದಿನ ವಾರ್ಡಿನ ಹೊರಗೆ ನಿಂತು ನಾನೇ ಕಂಪನಿಗೆ ಫೋನ್ ಮಾಡಿದೆ. ಅದೇ ನಯವಾದ ದನಿ.

"ಮೂವತ್ತು ದಿನದೊಳಗೆ ರಿಟರ್ನ್ ಮಾಡ್ಬೇಕಿತ್ತು ಮೇಡಂ. ಸೀಲ್ ಒಡೆದಿರಬಾರ್ದು."

"ಸೀಲ್ ಒಡೀದೇ ಅದರಾಗ ಕಾಲು ಹೆಂಗಮ್ಮ ಇಡೋದು?"

ಫೋನ್ ಕಟ್ಟಾಯಿತು. ಒಳಗೆ ಬಂದು ಇವರಿಗೆ ಹೇಳಿದೆ. ಬ್ಯಾಂಡೇಜನ್ನೇ ನೋಡುತ್ತ, "ಆ ಮಾತು ಹೇಳಾಕ ಆ ಹುಡುಗಿಗೆ ಬಾಯಾದ್ರೂ ಹೆಂಗ ಬಂತೋ" ಎಂದರು.

ಮನೆಗೆ ಬಂದ ಮೇಲೆ ಗ್ರಾಹಕರ ಆಯೋಗಕ್ಕೆ ದೂರನ್ನು ತಮ್ಮ ಕೈಯಾರೆ ಬರೆದರು. "ರೊಕ್ಕಕ್ಕಲ್ಲ. ಇನ್ನೊಬ್ರು ಹಿಂಗ ಕಾಯ್ತಾ ಕೂಡಬಾರ್ದು" ಎಂದರು. ಅದಿನ್ನೂ ನಡೆಯುತ್ತಿದೆ.

ಗಾಯ ಈಗ ಮಾಗಿದೆ. ಮೆತ್ತನೆಯ ಬೂಟು ಹಾಕಿಕೊಂಡು ನಿಧಾನ ನಡೆಯುತ್ತಾರೆ. ಮದುವೆಯಾದಂದಿನಿಂದ ಹಬ್ಬಹಬ್ಬಕ್ಕೂ ಆ ಪಾದ ಮುಟ್ಟಿ ನಮಸ್ಕರಿಸಿದ್ದೇನೆ, ಅಂಗಾಲು ಹೇಗಿದೆ ಎಂದು ಒಮ್ಮೆಯೂ ನೋಡಿದವಳಲ್ಲ. ಡಾಕ್ಟರಮ್ಮ ಹೇಳಿಕೊಟ್ಟಂತೆ ಈಗ ದಿನಾ ಸಂಜೆ ಬಾಗಿಲ ಬೆಳಕಿಗೆ ಅವರನ್ನು ಕೂರಿಸಿ, ಕನ್ನಡಕ ಹಾಕಿಕೊಂಡು, ಬೆರಳ ಸಂದಿ, ಹಿಮ್ಮಡಿ ಎಲ್ಲ ನೋಡುತ್ತೇನೆ. ಮೊದಮೊದಲು ನಾಚಿ ಕಾಲೆಳೆದುಕೊಳ್ಳುತ್ತಿದ್ದರು. ಈಗ ತಾವೇ ಚಾಚುತ್ತಾರೆ.

"ಏನಾರ ಐತೇನು?"

"ಏನಿಲ್ರೀ."

ಇವತ್ತಿಗೆ ಇಷ್ಟು. ನಾಳೆಯದನ್ನು ನಾಳೆ ನೋಡಬೇಕು.