ಕೂದಲೆಬ್ಬಿಸಿದ ಬಾಚಣಿಗೆ

ಜಗಳೂರಿನ ಗುಲ್ಜಾರ್‌ಬೀಯ ಬಾಯಿ ಜೋರು, ಮನಸ್ಸು ಮೆತ್ತಗೆ. ಗಂಡ ತೀರಿಕೊಂಡ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಬಳೆ, ಬಾಚಣಿಗೆ ಮಾರುತ್ತಿದ್ದಳು. ಸಾವಿರದ ಒಂಬೈನೂರ ಮೂವತ್ತೆಂಟರ ಚಳಿಗಾಲಕ್ಕೆ ಮರದ ಬಾಚಣಿಗೆ ಬಿಟ್ಟು, ಹೊಸದಾಗಿ ಬಂದಿದ್ದ ಹೊಳಪಿನ ವಿಲಾಯತಿ ಬಾಚಣಿಗೆಗಳನ್ನೇ ಬುಟ್ಟಿ ತುಂಬ ತಂದಿದ್ದಳು.

ಆಗಲೇ ಅವಳ ಓಣಿಯ ಕೊಟ್ರಮ್ಮನ ಮಗಳು ರುದ್ರಾಣಿಯನ್ನು ನೋಡಲು ಚನ್ನಗಿರಿಯಿಂದ ಗಂಡಿನ ಕಡೆಯವರು ಬಂದರು. ಹೆಣ್ಣಿನ ಜಡೆ ಬಿಚ್ಚಿಸಿ ನೋಡುವುದು ಆ ಮನೆತನದ ಪದ್ಧತಿ. ಎಣ್ಣೆ ಹಚ್ಚಿದರೆ ಕೂದಲು ದಟ್ಟವೋ ತೆಳುವೋ ಗೊತ್ತಾಗುವುದಿಲ್ಲವೆಂದು ಸೀಗೆಕಾಯಿ ಹಾಕಿ ತೊಳೆಸಿ, ಒಣಗಿಸಿ ಕೂರಿಸಿದ್ದರು. ಕೊಟ್ರಮ್ಮ ಗುಲ್ಜಾರ್‌ಬೀಯ ಹೊಸ ಬಾಚಣಿಗೆಯಿಂದ ನಾಲ್ಕು ಸಲ ಬಾಚಿದ್ದೇ ತಡ, ಚಟಪಟ ಸದ್ದಾಯಿತು. ಎಳೆ ಎಳೆಯೂ ಒಂದನ್ನೊಂದು ದೂರ ತಳ್ಳಿಕೊಂಡು ಎದ್ದು ನಿಂತಿತು.

“ಅಯ್ಯಯ್ಯೋ, ಹುಡುಗಿಗೆ ಗಾಳಿ ಸೋಕೈತೆ! ನಡೀರಿ, ಈ ಸಂಬಂಧ ಬ್ಯಾಡ!” ಎಂದು ಗಂಡಿನ ಸೋದರತ್ತೆ ಶಂಕ್ರಮ್ಮ ಎದ್ದೇಬಿಟ್ಟಳು. ರುದ್ರಾಣಿಯ ಮುಖ ಬಿಳಿಚಿಕೊಂಡಿತು.

ಬಾಚಣಿಗೆ ಕೊಟ್ಟು ಬುಟ್ಟಿಯೊಂದಿಗೆ ಬಾಗಿಲಲ್ಲೇ ಕೂತಿದ್ದ ಗುಲ್ಜಾರ್‌ಬೀಗೆ ಸಂಕಟವಾಯಿತು. ಸುಮ್ಮನಿದ್ದರೆ ಹುಡುಗಿಯ ಬಾಳು ಹಾಳು. ಬಾಯಿ ಬಿಟ್ಟರೆ ಬುಟ್ಟಿಯ ಬಾಚಣಿಗೆಯನ್ನು ಯಾರೂ ಮುಟ್ಟುವುದಿಲ್ಲ. ಹಾಳಾಗಿ ಹೋಗಲಿ ಎಂದು ಎದ್ದಳು.

“ಅಮ್ಮಾರೆ, ಗಾಳಿಯೂ ಇಲ್ಲ ಗೀಳಿಯೂ ಇಲ್ಲ. ಇದು ನನ್ನ ಬಾಚಣಿಗೆ ಗುಣ. ಚಳಿಗಾಲದಾಗೆ ನನ್ನ ತಲೆಯೂ ಹಿಂಗೇ ಆಕೈತೆ. ಒಣ ಕೂದಲಿಗೆ ತಿಕ್ಕಿದ್ರೆ ಬಾಚಣಿಗೆ ಕೂದಲನ್ನ ಸೆಳೀತೈತೆ. ಕೂದಲಿಗೆ ಕೂದಲು ಮಾತ್ರ ಆಗಿಬರಲ್ಲ, ದೂರ ಸರೀತಾವೆ. ನೋಡ್ರಿ!”

ರುದ್ರಾಣಿಯ ಕೂದಲಿಗೆ ಮತ್ತೆ ತಿಕ್ಕಿ, ಬಾಚಣಿಗೆಯನ್ನು ತಟ್ಟೆಯಲ್ಲಿದ್ದ ಮಂಡಕ್ಕಿ ಪುಡಿಯ ಮೇಲೆ ಹಿಡಿದಳು. ಗೇಣೆತ್ತರದಲ್ಲಿ ಏನೂ ಆಗಲಿಲ್ಲ. ಬೆರಳಗಲದಷ್ಟು ಹತ್ತಿರ ಇಳಿಸಿದಾಗ ಪುಡಿ ಜಿಗಿದು ಅಂಟಿತು. ಅಂಟಿದ ಮರುಗಳಿಗೆಯೇ ಒಂದೆರಡು ಚೂರು ಸಿಡಿದು ಶಂಕ್ರಮ್ಮನ ಕಾಲ ಬಳಿ ಬಿದ್ದವು.

“ಮಂಡಕ್ಕಿಗೂ ಗಾಳಿ ಸೋಕೈತೇನ್ರಿ? ಈಗ್ತಾನೆ ತಿಂದ್ರಲ್ಲ!”

ಆಮೇಲೆ ಒದ್ದೆ ಕೈಯಿಂದ ಹುಡುಗಿಯ ತಲೆ ಸವರಿದಳು. ಕೂದಲು ತೆಪ್ಪಗೆ ಮಲಗಿತು. ಶಂಕ್ರಮ್ಮ ಬಾಚಣಿಗೆಯನ್ನು ಮೂರು ಸಲ ತಾನೇ ತಿಕ್ಕಿ ನೋಡಿ, ಮತ್ತೆ ತನ್ನ ಜಾಗಕ್ಕೆ ಬಂದು ಕೂತಳು.

ಮದುವೆ ಗೊತ್ತಾಯಿತು. ಗುಲ್ಜಾರ್‌ಬೀ ಅಂಜಿದ್ದೂ ಆಯಿತು. “ಬೂಬಮ್ಮನ ಬಾಚಣಿಗೆ ಬ್ಯಾಡವ್ವಾ” ಎಂದು ಓಣಿಯವರೆಲ್ಲ ಬಾಗಿಲು ಹಾಕಿಕೊಂಡರು. ತಿಂಗಳೊಪ್ಪತ್ತು ಅಲೆದರೂ ಒಂದೂ ಹೋಗಲಿಲ್ಲ. ಆಕೆಗೆ ಅಳು ಬರುತ್ತಿತ್ತು. ಆದರೆ ಹೇಳಬಾರದಿತ್ತು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಮದುವೆಯ ದಿನ ಹೋಗಿ ಎಲ್ಲರ ಹಿಂದೆ ನಿಂತಳು. ಮದುಮಗಳ ಜಡೆ ಹಾಕುವುದನ್ನು ನೋಡಲು ಓಣಿಯ ಹೆಂಗಸರೆಲ್ಲ ಸೇರಿದ್ದರು. ಶಂಕ್ರಮ್ಮ ಮರದ ಬಾಚಣಿಗೆ ಎತ್ತಿಕೊಂಡಳು. ರುದ್ರಾಣಿ ತಲೆ ಸರಿಸಿದಳು.

“ನನ್ನ ತಲೆ ಗುಲ್ಜಾರಕ್ಕನೇ ಬಾಚಬೇಕು. ಆಕೆ ಬಾಚಣಿಗೆಯಿಂದಲೇ.”

ಎಲ್ಲರೂ ನೋಡುತ್ತಿದ್ದಂತೆ ಎದ್ದು ಬಂದು, ಗುಲ್ಜಾರ್‌ಬೀಯ ಮುಂದೆ ಬೆನ್ನು ಮಾಡಿ ಕೂತಳು.