ನಲ್ಲಿಗೆ ಗೊತ್ತಾದ ವಾರ

ರಾಮನಗರದ ರೇಷ್ಮೆ ನೂಲು ತೆಗೆಯುವ ರೀಲರ್‌ಗಳ ಬೀದಿಗೆ ಆರೋಗ್ಯ ಇಲಾಖೆಯಿಂದ ಡೆಂಗಿ ತಡೆಯಲು ಹೋದ ನನಗೇನಾಯಿತು, ಊಹಿಸಿ ನೋಡೋಣ. ಸೊಳ್ಳೆಮರಿ ತುಂಬಿದ ಡ್ರಮ್ಮಿನ ನೀರು ಚೆಲ್ಲಿ ಎಂದು ಭಾಷಣ ಬಿಗಿದೆ. ತಮ್ಮ ಮಗಳೇ ಜ್ವರ ಬಂದು ಮಲಗಿದ್ದರೂ ಆ ಮನೆಯ ಜುಬೇದಮ್ಮ ಅಡ್ಡ ನಿಂತರು.

“ಮತ್ತೆ ನಲ್ಲಿ ಯಾವತ್ತು ಬರ್ತೈತೆ, ಒಸಿ ಹೇಳ್ಬುಟ್ಟು ಚೆಲ್ಲಿ ಸಾರ್.”

ಬೀದಿಗಳಿಗೆ ನಲ್ಲಿ ನೀರು ಬಿಡುವ ನೀರುಗಂಟಿಯನ್ನು ಕೇಳಿದೆ. “ಯಾರು ಜಾಸ್ತಿ ಕೂಗಾಡ್ತಾರೋ ಅವ್ರ ಬೀದಿಗೆ ಮೊದ್ಲು ಬುಡ್ತೀನಿ ಸಾರ್,” ಎಂದ.

ಸರಿ, ಭಾಷಣ ನಿಲ್ಲಿಸಿ, ಅವನನ್ನು ಒಪ್ಪಿಸಿ, ಬೀದಿಗೊಂದು ವಾರ, ಇವರಿಗೆ ಮಂಗಳವಾರ ಎಂದು ಗೊತ್ತುಮಾಡಿಸಿದೆ. ಮಸೀದಿಯ ಮೈಕಿನಲ್ಲಿ ಸಾರಿದರು. ಮುಂದಿನ ಸಲ ಹೋದರೆ, ನೀರು ಬರುವ ಮುಂಚೆಯೇ ಬೀದಿಯ ಡ್ರಮ್ಮುಗಳೆಲ್ಲ ಉಜ್ಜಿಸಿಕೊಂಡು ಬೋರಲು ಬಿದ್ದಿದ್ದವು. ಚೇತರಿಸಿಕೊಂಡ ಜುಬೇದಮ್ಮನ ಮಗಳು ಕೊಡ ಹಿಡಿದು ಬಾಗಿಲಲ್ಲೇ ನನಗೆ ಎದುರಾದಳು.

“ದಾರಿ ಬಿಡಿ ಅಂಕಲ್, ಇವತ್ತು ನಮ್ ಸರದಿ.”

ಭಾಷಣ ಕೇಳುವವರಿಲ್ಲದೆ ಬೇಗನೆ ಮನೆಗೆ ಹೋಗಿ ಬಾಡೂಟಕ್ಕೆ ಕೂತೆ. ಅವತ್ತು ಯುಗಾದಿ ಮಾರನೆಯ ಮಂಗಳವಾರ, ಮಾಂಸದೂಟಕ್ಕೇ ಗೊತ್ತಾದ ಹೊಸತೊಡಕು.