ಧಾರೆಗೆ ಮುಂಚೆ ನಿಂತ ವಿಡಿಯೊ

ಅರಳಗುಪ್ಪೆಯ ಪರಮೇಶನನ್ನು ಒಂದು ಮಾತು ಕೇಳದೆ ಆ ಸುತ್ತಿನ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಕಾಯಿ ಕೆಳಗಿಳಿಯುತ್ತಿರಲಿಲ್ಲ. ಹಾಗೆಂದು ಅವನೇನು ದೊಡ್ಡ ವ್ಯಾಪಾರಿಯಲ್ಲ. ಒಂದು ತೋಟ, ಒಂದು ಜೊತೆ ಹಸು, ತಾಯಿ ಕಲ್ಲಮ್ಮ, ಹೆಂಡತಿ ಸೌಂದರ್ಯ, ಅಷ್ಟೇ ಸಂಸಾರ. ಆದರೆ ಒಂದು ವರ್ಷ ಊರೆಲ್ಲ ಹೆದರಿಕೊಂಡು ಸಿಕ್ಕ ಬೆಲೆಗೆ ಕೊಬ್ಬರಿ ಮಾರಿದಾಗ ಇವನೊಬ್ಬನೇ ಅಟ್ಟಕ್ಕೆ ಏಣಿ ಹಾಕಲಿಲ್ಲ. ಆಮೇಲೆ ಬೆಲೆ ಏರಿದ್ದೇ ಏರಿದ್ದು. ಅವತ್ತಿನಿಂದ ಪರಮೇಶನ ಮಾತಿಗೆ ತೂಕ ಬಂತು.

"ಏನ್ಲಾ ಪರಮೇಶ, ಸುಲಿಸ್ಲಾ, ಇರ್ಲಿ ಅಂತೀಯಾ?" ಎಂದು ಯಾರಾದರೂ ಕೇಳಿದರೆ ಅವನು ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಉರುಳುವ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ, "ಕಾಯಣ ಕಣಪ್ಪ, ಆತುರ ಯಾಕೆ?" ಎನ್ನುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅವನು ಹೇಳುತ್ತಿದ್ದುದು ಅದೇ.

ಅವನ ಹೆಂಡತಿ ಸೌಂದರ್ಯಳ ದುಡಿಮೆ ಬೇರೆ ತರದ್ದು. ಮದುವೆಗೆ ಮುಂಚೆ ತಿಪಟೂರಿನ ಸ್ಟುಡಿಯೊ ಒಂದರಲ್ಲಿ ಎಡಿಟಿಂಗ್ ಕಲಿತಿದ್ದಳು. ಈಗ ಕಿಬ್ಬನಹಳ್ಳಿಯಲ್ಲಿ ಸ್ಟುಡಿಯೊ ಇಟ್ಟಿರುವ ರಂಗರಾಜು ಮದುವೆಗಳನ್ನು ಚಿತ್ರೀಕರಿಸಿ ತಂದುಕೊಟ್ಟರೆ, ಇವಳು ಮನೆಯ ನಡುಕೋಣೆಯ ಕಂಪ್ಯೂಟರಿನ ಮುಂದೆ ಕೂತು ತುಂಡುಗಳನ್ನು ಜೋಡಿಸಿ, ಹಾಡು ಕೂಡಿಸಿ, ಒಂದು ವಿಡಿಯೊ ಮಾಡಿಕೊಡುತ್ತಿದ್ದಳು. ಹೇಳಿದ ದಿನಕ್ಕೆ ಕೊಡುವವಳು ಎಂದು ಅವಳಿಗೆ ಹೆಸರಿತ್ತು.

ರಂಗರಾಜು ಹೊಸ ಕ್ಯಾಮೆರಾ ಕೊಂಡ ಮೇಲೆ ತೊಂದರೆ ಶುರುವಾಯಿತು. ಅದರ ಚಿತ್ರ ಬಲು ಚೊಕ್ಕ, ಆದರೆ ಭಾರ. ಹಳೆಯ ಕಂಪ್ಯೂಟರು ಆ ಭಾರ ಎಳೆಯಲಾರದೆ ನಡುವೆ ನಡುವೆ ನಿಂತುಬಿಡುತ್ತಿತ್ತು. ಒಳಗಿನ ಫ್ಯಾನು ಒಂದೇ ಸಮ ಬುಸುಗುಡುತ್ತಿತ್ತು.

"ಉಬ್ಬಸದೋರಂಗೆ ಉಸಿರು ಬಿಡ್ತದಲ್ಲೋ ಮಗ ಈ ಪೆಟ್ಟಿಗೆ, ಯಾರಿಗಾದ್ರೂ ತೋರ್ಸಬಾರ್ದಾ?" ಎಂದಳು ಕಲ್ಲಮ್ಮ.

ಗೌರಿಹಬ್ಬ ಕಳೆದ ಮೇಲೆ ಗಂಡ ಹೆಂಡತಿ ತಿಪಟೂರಿಗೆ ಹೋಗಿ ಕಂಪ್ಯೂಟರ್ ರಿಪೇರಿಯ ತಿಮ್ಮರಾಜುವನ್ನು ಕೇಳಿದರು. ಅವನು ಹೇಳಿದ: "ಪ್ರೊಸೆಸರ್ ಬದಲಾಯಿಸಿದ್ರೆ ಸಾಕು ಅಣ್ಣ. ಇದೇ ಬೋರ್ಡಿಗೆ ಕೂರೋದು ಒಂದು ಐತೆ ನನ್ನತ್ರ. ಹೊಸ ಮಾದರಿ ಬರ್ತಾ ಐತಂತೆ, ಬಂದ್ರೆ ಇದು ಅಗ್ಗ ಆದ್ರೂ ಆಗಬೋದು. ಹಿಂಗೇ ಅಂತ ಹೇಳಕ್ಕಾಗಲ್ಲ."

ಇಷ್ಟು ಮಾತಿನಲ್ಲಿ ಪರಮೇಶನ ಕಿವಿಗೆ ಬಿದ್ದದ್ದು 'ಅಗ್ಗ' ಎನ್ನುವುದೊಂದೇ.

"ಹಂಗಾದ್ರೆ ಕಾಯಣ."

"ರೀ, ದುಡ್ಡು ನಾನು ಕೂಡಿಟ್ಟಿರೋದು. ಈಗ್ಲೇ ಹಾಕಿಸ್ಬುಡಣ. ಮದುವೆ ಕಾಲ ಬತ್ತಾ ಐತೆ."

"ನಿಂಗೆ ಬೆಲೆ ವಿಷಯ ಗೊತ್ತಾಗಲ್ಲ ಸುಮ್ನಿರೇ" ಎಂದ ಪರಮೇಶ್, ತಿಮ್ಮರಾಜುವಿನ ಎದುರೇ. ಅವಳು ಮತ್ತೆ ದೀಪಾವಳಿಗೆ ಕೇಳಿದಳು, ಸಂಕ್ರಾಂತಿಗೆ ಕೇಳಿದಳು. ಅವನ ಉತ್ತರ ಬದಲಾಗಲಿಲ್ಲ.

ಮಾಘದಲ್ಲಿ ದಂಡಿನಶಿವರದ ಗಂಗಾಧರಯ್ಯನ ಮಗಳ ಮದುವೆ ತುರುವೇಕೆರೆಯ ಛತ್ರದಲ್ಲಿ ನಡೆಯಿತು. ಗಂಗಾಧರಯ್ಯನ ತಾಯಿ ಹುಚ್ಚಕ್ಕ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಎತ್ತಿ ಸಾಕಿದ ಮೊಮ್ಮಗಳ ಧಾರೆಗೆ ಅಜ್ಜಿಯೇ ಇರಲಿಲ್ಲ. ಆದಕಾರಣ ಗಂಗಾಧರಯ್ಯ ರಂಗರಾಜುವಿನ ಕೈ ಹಿಡಿದು ಕೇಳಿಕೊಂಡಿದ್ದ: ಬೀಗರೂಟದ ದಿನ ಮನೆಯಂಗಳದಲ್ಲೇ ಪರದೆ ಕಟ್ಟಿ ಮದುವೆಯನ್ನು ತೋರಿಸಬೇಕು, ಅವ್ವ ನೋಡಬೇಕು.

ಆ ದಿನ ಪರಮೇಶ್ ಮೊದಲೇ ಹೋಗಿ ಚಪ್ಪರದಡಿ ಕೂತಿದ್ದ. ಸೌಂದರ್ಯ ಇನ್ನೂ ಕೆಲಸ ಮುಗಿಸುತ್ತಿದ್ದಳು, ಬಸ್ಸಿಗೆ ಬರುವುದೆಂದಾಗಿತ್ತು. ಊಟವಾಗಿ ಎಲೆಅಡಿಕೆಯ ತಟ್ಟೆ ಬಂತು, ಸುತ್ತ ಜನ ಕೂತರು, ಮಾತು ಕೊಬ್ಬರಿಯ ಕಡೆ ಹೊರಳಿತು. ಪರಮೇಶ್ ಎಲೆಗೆ ಸುಣ್ಣ ಸವರುತ್ತ, ಪಕ್ಕದಲ್ಲಿ ಕೂತಿದ್ದ ಪರಿಚಯದ ದುರ್ಗಯ್ಯನ ಕಡೆ ತಿರುಗಿ ಹೇಳಿದ:

"ಕೊಬ್ಬರಿ ಒಂದೇ ಅಲ್ಲ ಕಣ್ಲಾ ದುರ್ಗಯ್ಯ, ಕಂಪ್ಯೂಟರೂ ಅಷ್ಟೇಯ. ಪ್ರೊಸೆಸರ್ ಅಂತ ಇರ್ತದೆ ಒಳಗೆ. ನಮ್ಮನೇಳು ಹಾಕ್ಸಿ, ಹಾಕ್ಸಿ ಅಂತ ಜೀವ ತಿಂತಾವ್ಳೆ. ನಾನು ಜಗ್ಗಲಿಲ್ಲ. ಹೊಸದು ಬಂದ್ರೆ ಹಳೇದು ತಾನಾಗೇ ಇಳೀತದೆ."

"ಅಬ್ಬಬ್ಬ! ನಿನ್ನನ್ನ ತಿಪಟೂರಿನ ಕೊಬ್ಬರಿ ಮಂಡಿಲಿ ಗಾದಿ ಹಾಕಿ ಕೂರಿಸ್ಬೇಕು ಕಣ್ಲಾ" ಎಂದು ದುರ್ಗಯ್ಯ ನಕ್ಕ. ಎಲ್ಲರೂ ನಕ್ಕರು. ಪರಮೇಶನಿಗೆ ಹಿತವೆನಿಸಿತು.

ಅಷ್ಟರಲ್ಲಿ ಸೌಂದರ್ಯ ಬಂದಳು. ಯಾರ ಮುಖವನ್ನೂ ನೋಡದೆ ಪೆನ್‌ಡ್ರೈವ್ ತೆಗೆದು ರಂಗರಾಜುವಿನ ಕೈಗಿಟ್ಟಳು. ಹುಚ್ಚಕ್ಕನನ್ನು ಕುರ್ಚಿಯ ಸಮೇತ ಎತ್ತಿ ತಂದು ಪರದೆಯ ಮುಂದೆ ಕೂರಿಸಿದರು.

ವಿಡಿಯೊ ಶುರುವಾಯಿತು. ಛತ್ರ ಕಂಡಿತು, ಬೀಗರು ಕಂಡರು. "ಅಗೋ ನಮ್ಮ ಮಾವ" ಎಂದು ಹುಡುಗಿಯರು ಕೂಗಿದರು. ಮದುಮಗಳು ಬಂದಳು. ಅಂತರಪಟ ಹಿಡಿದರು. ಜೀರಿಗೆ ಬೆಲ್ಲ ಹಿಡಿದ ಕೈಗಳು ಮೇಲೆದ್ದವು. ಅಲ್ಲಿಗೆ ಪರದೆ ಕಪ್ಪಾಯಿತು.

ಜನ ಕಾದರು. ರಂಗರಾಜು ಲ್ಯಾಪ್‌ಟಾಪಿನ ಮೇಲೆ ಬಗ್ಗಿ ನೋಡಿದ. ಮುಂದೆ ಏನೂ ಇರಲಿಲ್ಲ.

"ಧಾರೆ ಎಲ್ಲವ್ವಾ?" ಎಂದಳು ಹುಚ್ಚಕ್ಕ. "ಅದ್ನ ನೋಡಕ್ಕೇ ಅಲ್ವಾ ನಾನು ಕೂತಿರೋದು?"

ಮನೆಯಲ್ಲಿ ಕಂಪ್ಯೂಟರು ಅಲ್ಲಿಂದಾಚೆಗೆ ಕೆಲಸ ಮಾಡದೆ ನಿಂತಿತ್ತು. ಮತ್ತೆ ಮತ್ತೆ ಮೊದಲಿನಿಂದ ಹಾಕಿ, ಆದಷ್ಟನ್ನು ಮಾತ್ರ ತಂದಿದ್ದಳು ಸೌಂದರ್ಯ. ಅದನ್ನು ಹೇಳಬಹುದಿತ್ತು. ಅವಳು ಒಂದು ಸಲ ಗಂಡ ಕೂತಿದ್ದ ಕಡೆ ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ನಾನೇ ನಿಧಾನ ಮಾಡ್ಬುಟ್ಟೆ ಅಜ್ಜಿ. ತಪ್ಪಾಯ್ತು."

"ಆಗಲ್ಲ ಅಂತ ಒಂದ್ಮಾತು ಹೇಳಿದ್ರೆ ತಿಪಟೂರಲ್ಲಿ ಮಾಡಿಸ್ತಿದ್ನಲ್ಲಮ್ಮ" ಎಂದು ರಂಗರಾಜು ಎಲ್ಲರಿಗೂ ಕೇಳುವಂತೆ ಅಂದ. "ನಿನ್ನ ನಂಬ್ಕೊಂಡಿದ್ದೆ. ಬೀಗರ ಮುಂದೆ ನನ್ನ ಮಾನ ಹೋಯ್ತು."

ಪರಮೇಶನ ಕೈಯಲ್ಲಿ ಅರ್ಧ ಮಡಿಸಿದ ಎಲೆ ಹಾಗೇ ಇತ್ತು. ಎದ್ದು ನಿಂತು 'ತಪ್ಪು ನಂದು' ಎಂದರೆ ಸಾಕಿತ್ತು. ಅವನು ಏಳಲಿಲ್ಲ. ಪಕ್ಕದಲ್ಲಿದ್ದ ದುರ್ಗಯ್ಯ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಸುಮ್ಮನೆ ಒಂದು ಮೊಳ ಆಚೆ ಸರಿದು ಕೂತ. ಬೈದಿದ್ದರೆ ಪರಮೇಶನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಬೈಕಿನಲ್ಲಿ ಇಬ್ಬರೂ ಮನೆಗೆ ಬಂದರು. "ಊಟ ಚೆನ್ನಾಗಿತ್ತೇನವ್ವಾ?" ಎಂದು ಕಲ್ಲಮ್ಮ ಕೇಳಿದಳು. "ಹೂಂ ಅತ್ತೆ, ಪಾಯಸ ಚೆನ್ನಾಗಿತ್ತು" ಎಂದಳು ಸೌಂದರ್ಯ. ಅಲ್ಲೂ ಅವನನ್ನು ಕಾಪಾಡಿದಳು ನೋಡಿ! ಪರಮೇಶ್ ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ನಿಂತುಕೊಂಡ.

ಬೆಳಗಾಗುತ್ತಲೇ ಕಂಪ್ಯೂಟರನ್ನು ಚೀಲದಲ್ಲಿಟ್ಟುಕೊಂಡು ತಿಪಟೂರಿಗೆ ಹೋದ. ತಿಮ್ಮರಾಜು ತಲೆ ಕೆರೆದುಕೊಂಡ.

"ಅದು ಮಾರಿಹೋಯ್ತು ಅಣ್ಣ, ಇನ್ನು ಬರಲ್ಲ. ಹೊಸ ಪ್ರೊಸೆಸರ್ ನಿಮ್ಮ ಬೋರ್ಡಿಗೆ ಕೂರಲ್ಲ. ಬೋರ್ಡೂ ಹೊಸದಾಗ್ಬೇಕು, ರ‍್ಯಾಮೂ ಹೊಸದಾಗ್ಬೇಕು. ರ‍್ಯಾಮ್ ಬೆಲೆಯಂತೂ ಈಗ ಬೆಂಕಿ."

"ಇಳಿಯಲ್ವಾ?" ಬಾಯಿ ತಪ್ಪಿ ಬಂದೇಬಿಟ್ಟಿತು.

"ಇಳೀಬೋದು. ಕಾಯ್ತೀರಾ?"

ತಿಮ್ಮರಾಜು ಸಹಜವಾಗಿಯೇ ಕೇಳಿದ್ದ. ಪರಮೇಶ್ ತಲೆ ತಗ್ಗಿಸಿ, "ಬೇಡಪ್ಪ, ಹಾಕು" ಎಂದ.

ಹೊಸದು ಕೂಡಿಸಿಕೊಂಡು ತಂದ ಮೇಲೆ ಸೌಂದರ್ಯ ಅದೇ ಮದುವೆಯನ್ನು ಮತ್ತೆ ಹಾಕಿದಳು. ಪರಮೇಶ್ ಹಸುಗಳಿಗೆ ನೀರು ಕುಡಿಸಿ ಬರುವಷ್ಟರಲ್ಲಿ ಪೂರ್ತಿ ವಿಡಿಯೊ ಸಿದ್ಧವಾಗಿತ್ತು. ಅವಳು ಪರದೆಯನ್ನೇ ನೋಡುತ್ತ, "ಇಷ್ಟೇ ಹೊತ್ತಿನ ಕೆಲಸ ಕಣ್ರೀ ಇದು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನಿಗೆ ಒಳಗೆ ಕಾಲಿಡಲಾಗಲಿಲ್ಲ. ಬೀಗರೂಟದ ದಿನದಿಂದ ರಂಗರಾಜು ಅವಳಿಗೆ ಫೋನ್ ಮಾಡಿರಲಿಲ್ಲ, ಅದೂ ಅವನಿಗೆ ಗೊತ್ತಿತ್ತು.

ಪೆನ್‌ಡ್ರೈವ್ ತೆಗೆದುಕೊಂಡು ತಾನೇ ದಂಡಿನಶಿವರಕ್ಕೆ ಹೋದ. ಗಂಗಾಧರಯ್ಯ ತೋಟದಲ್ಲಿದ್ದ, ಮನೆಯಲ್ಲಿ ಹುಚ್ಚಕ್ಕ ಒಬ್ಬಳೇ ಇದ್ದಳು. ಟಿ.ವಿ.ಗೆ ಸಿಕ್ಕಿಸಿ ತೋರಿಸಿದ. ಮೊಮ್ಮಗಳ ಕೈಮೇಲೆ ಧಾರೆಯ ನೀರು ಬಿದ್ದಾಗ ಅಜ್ಜಿ ಕೂತಲ್ಲೇ ಕೈಮುಗಿದಳು. ಕಣ್ಣೊರೆಸಿಕೊಂಡು, "ಇರ್ಲಿ ಬುಡಪ್ಪ. ಪಾಪ ನಿನ್ನ ಹೆಂಡ್ತಿ, ಕೈ ನಿಧಾನ ಅಂತ ಕಾಣ್ತದೆ" ಎಂದಳು.

ಅವನು ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಅವಳದಲ್ಲ ಅಜ್ಜಿ, ನಂದು. ಅವಳು ಗೌರಿಹಬ್ಬದಿಂದ ಕೇಳ್ತಿದ್ಲು. ನಾನೇ ಕಾಯಣ ಕಾಯಣ ಅಂತ ಹಾಕಿಸ್ಲಿಲ್ಲ."

ಹುಚ್ಚಕ್ಕ ಟಿ.ವಿ. ಬಿಟ್ಟು ಅವನ ಕಡೆ ತಿರುಗಿದಳು. "ಅವತ್ತು ಅಲ್ಲೇ ಕೂತಿದ್ಯಲ್ಲಪ್ಪ ನೀನು. ಅಂಗಳದ ತುಂಬ ಜನ ಇದ್ರು. ಇವತ್ತು ನಾನೊಬ್ಳೇ ಇದೀನಿ."

ಪರಮೇಶ್ ಪೆನ್‌ಡ್ರೈವನ್ನು ಅಲ್ಲೇ ಬಿಟ್ಟು ಹೊರಟ.

ಕಿಬ್ಬನಹಳ್ಳಿಯ ಕೂಡುರಸ್ತೆಯಲ್ಲಿ, ರಂಗರಾಜುವಿನ ಸ್ಟುಡಿಯೊ ಎದುರಿನ ಟೀ ಅಂಗಡಿಯಲ್ಲಿ ದುರ್ಗಯ್ಯನೂ ಇನ್ನು ನಾಲ್ಕಾರು ಮಂದಿಯೂ ಕೂತಿದ್ದರು. ಯಾರೋ, "ಬಾಪ್ಪಾ, ಏನಂತೀಯಾ ಈ ಸಲ ಕೊಬ್ಬರಿ?" ಎಂದರು. ಪರಮೇಶ್ ಬೈಕ್ ನಿಲ್ಲಿಸಿ ಇಳಿದ. ಬೆಂಚಿನಲ್ಲಿ ಜಾಗ ಬಿಟ್ಟರೂ ಕೂರಲಿಲ್ಲ. ಬೀಗರೂಟದ ದಿನ ವಿಡಿಯೊ ನಿಂತದ್ದು ತನ್ನಿಂದ, ಹೆಂಡತಿಯಿಂದಲ್ಲ ಎಂದು ನಿಂತೇ ಹೇಳಿದ. ತಿಮ್ಮರಾಜುವಿನ ಅಂಗಡಿಯಲ್ಲಿ ಹೆಂಡತಿಗೆ ಅಂದ ಮಾತನ್ನೂ ಬಿಡದೆ ಹೇಳಿದ. ಕಿವಿಯವರೆಗೆ ಮುಖ ಕಾದಿತ್ತು, ಕಣ್ಣು ನೆಲದ ಮೇಲಿತ್ತು. ಯಾರೂ ನಗಲಿಲ್ಲ.

ಮುಗಿಸಿ ತಲೆಯೆತ್ತಿದರೆ, ರಂಗರಾಜು ರಸ್ತೆ ದಾಟಿ ಬಂದು ನಿಂತಿದ್ದ. "ಏನದು? ನಂಗೆ ಅರ್ಧನೂ ಕೇಳಿಸ್ಲಿಲ್ಲ" ಎಂದ.

ಪರಮೇಶ್ ಅವನ ಕಡೆ ತಿರುಗಿ ಮತ್ತೆ ಮೊದಲಿನಿಂದ ಶುರುಮಾಡಿದ.